ಬೇಲಿಯಿಂದ ಎಂಟು ಅಡಿ

ಗೊರವದಿನ್ನಿಯಲ್ಲಿ ಸಭೆ ಹುಟ್ಟಿದ ದಿನ ಸೂಗಮ್ಮ ನೀರಿನಲ್ಲಿದ್ದಳು, ಅವಳ ಗಂಡ ಗಡಿಗೆಪ್ಪ ದಡದ ಮೇಲಿದ್ದ.

ಅದು 2019ರ ಫೆಬ್ರುವರಿ 17, ಭಾನುವಾರ, ಬೆಳಗಿನ ಏಳೂವರೆ. ಕಲ್ಲೂರಿನಿಂದ ಐದು ಕಿಲೋಮೀಟರ್ ಒಳಗಿರುವ ಆ ಊರಿನ ಕೇರಿಯಿಂದ ಏಳು ಜನ ಉಪಕಾಲುವೆಗೆ ಇಳಿದಿದ್ದರು. ದೇವದುರ್ಗದಿಂದ ಬಂದಿದ್ದ ಪಾಸ್ಟರ್ ಸತ್ಯಮಿತ್ರ ಸೊಂಟಮಟ್ಟದ ನೀರಿನಲ್ಲಿ ನಿಂತು ಒಬ್ಬೊಬ್ಬರನ್ನೇ ಹಿಂದಕ್ಕೆ ವಾಲಿಸಿ, ಪೂರ್ತಿ ಮುಳುಗಿಸಿ ಎಬ್ಬಿಸಿದರು. ಬ್ಯಾಪ್ಟಿಸ್ಟರಲ್ಲಿ ತಲೆಗೆ ನೀರು ಚಿಮುಕಿಸುವ ಪದ್ಧತಿಯಿಲ್ಲ, ಹಸುಗೂಸಿಗೆ ದೀಕ್ಷಾಸ್ನಾನವೂ ಇಲ್ಲ. ನಂಬಿದವರು ತಾವೇ ನಡೆದು ಬಂದು ನೀರಿಗೆ ಇಳಿಯಬೇಕು, ತಲೆಗೂದಲೂ ಮುಳುಗಬೇಕು.

ಅಂದು ನೀರು ಸೊಂಟಮಟ್ಟ ನಿಂತದ್ದು ಗಡಿಗೆಪ್ಪನಿಂದ. ಇಪ್ಪತ್ತೊಂಬತ್ತು ವರ್ಷಗಳಿಂದ ಅವನು ಆ ಉಪಕಾಲುವೆಯ ದಿನಗೂಲಿ ನೀರಗಂಟಿ. ಗೇಟು ಎತ್ತುವುದು, ಇಳಿಸುವುದು, ಯಾರ ಹೊಲಕ್ಕೆ ಯಾವ ದಿನದ ಸರದಿ ಎಂದು ನೆನಪಿಡುವುದು ಅವನ ಕೆಲಸ. ಕೆಳಗಿನ ಗೇಟನ್ನು ಅರ್ಧ ಇಳಿಸಿ, ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದ.

"ಗಡಿಗೆಪ್ಪಾ, ನೀವೂ ಬರ್ರಿ," ಎಂದರು ಪಾಸ್ಟರ್.

"ನಾ ಇಳಿದ್ರ ಗೇಟ್ ಯಾರು ನೋಡ್ತಾರ್ರಿ? ಏಳೂ ಮಂದಿ ಕೂಡಿ ತೇಲ್ಕೋತ ಮಾನ್ವಿ ಮುಟ್ತೀರಿ."

ನೀರಿನಲ್ಲಿದ್ದವರು ನಕ್ಕರು. ಒದ್ದೆ ಸೆರಗು ಹಿಂಡುತ್ತಿದ್ದ ಸೂಗಮ್ಮ ನಗಲಿಲ್ಲ.

ಮೊದಲ ವರ್ಷ ಸಭೆ ಕೂಡುತ್ತಿದ್ದದ್ದು ಅವಳ ಮನೆಯ ಅಂಗಳದಲ್ಲಿ, ತಗಡಿನ ನೆರಳಲ್ಲಿ. ಪಾಸ್ಟರ್ ಪ್ರತಿ ಭಾನುವಾರ ದೇವದುರ್ಗದಿಂದ ಸಿರವಾರಕ್ಕೆ ಒಂದು ಬಸ್ಸು, ಅಲ್ಲಿಂದ ಕಲ್ಲೂರಿಗೆ ಇನ್ನೊಂದು ಹಿಡಿದು, ಕೊನೆಯ ಐದು ಕಿಲೋಮೀಟರ್ ಮೀರಾಹುಸೇನನ ಗೂಡ್ಸ್ ಆಟೊದಲ್ಲಿ ಬರುತ್ತಿದ್ದರು. ಎರಡನೇ ವರ್ಷ ಇಟ್ಟಿಗೆಯ ಒಂದು ಕೋಣೆ ಎದ್ದಿತು. ಆದರೆ ಕೂಡಲು ಜಾಗ ಆದರೆ ಸಾಲದು, ಮಣ್ಣಿಗೂ ಜಾಗ ಬೇಕು. ಕೇರಿಯ ಹಿರಿಯ ಬೂದೆಪ್ಪ ಮೊದಲೇ ಹೇಳಿಬಿಟ್ಟಿದ್ದ: ಕೇರಿಯ ಸ್ಮಶಾನಕ್ಕೆ ಬರುವ ಹೆಣಕ್ಕೆ ಭಂಡಾರದ ಅರಿಶಿನ ಹಚ್ಚಬೇಕು, ಹಲಗೆ ಬಾರಿಸಬೇಕು, ಒಲ್ಲೆನ್ನುವವರು ಬೇರೆ ನೋಡಿಕೊಳ್ಳಲಿ.

ಆ ಬೇರೆ ಜಾಗವನ್ನು ತಂದವಳು ಸೂಗಮ್ಮ. ಕಾಲುವೆಗೆ ಹತ್ತಿಕೊಂಡಿದ್ದ ಎರಡು ಗುಂಟೆ ಗರಸು ಭೂಮಿಗಾಗಿ ಬಸವಲಿಂಗ ಸಾಹುಕಾರರ ಮನೆಗೆ ಹನ್ನೊಂದು ಸಲ ನಡೆದಳು. ಹನ್ನೊಂದನೇ ಸಲ ಅವರು ಒಪ್ಪಿದರು, ಒಂದು ಮಾತಿನ ಮೇಲೆ: "ನಿಮ್ಮ ಸಭಾದಾಗ ಮುಳುಗಿದವ್ರನ್ನ ಅಷ್ಟ ಇಡ್ರಿ. ಇಡೀ ಕೇರಿ ತಂದು ನನ್ನ ಹೊಲದ ಬದಿಗಿ ಹೂಳಬ್ಯಾಡ್ರಿ." ಪಾಸ್ಟರ್ ಅದನ್ನು ಸಭೆಯ ಐದನೇ ಕಟ್ಟಳೆಯಾಗಿ ಬರೆದರು. ಏಳೂ ಜನ ಹೆಬ್ಬೆಟ್ಟೊತ್ತಿದರು. ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರು. ಮೂಲೆಯ ಬೇವಿನ ಸಸಿಯ ಬುಡದಲ್ಲಿ ಇಬ್ಬರು ಮಲಗುವಷ್ಟು ಜಾಗವನ್ನು ಎಲ್ಲರೂ ಸೂಗಮ್ಮನಿಗೇ ಬಿಟ್ಟರು.

"ಒಂದು ನಿನಗ, ಇನ್ನೊಂದು ಯಾರಿಗೆಬೇ?" ಎಂದು ಗಡಿಗೆಪ್ಪ ಕೆಣಕಿದ.

"ಮುಳುಗಿದ್ರ ನಿನಗ. ಇಲ್ಲಾಂದ್ರ ಆಡು ಕಟ್ತೀನಿ."

ಆ ನೆಲದ ಮಾತು ಮೊದಲು ಎದ್ದದ್ದು ಹತ್ತೊಂಬತ್ತು ವರ್ಷದ ಹುಡುಗನಿಗಾಗಿ. ಸೂಗಮ್ಮನ ಪಕ್ಕದ ಮನೆಯ ಬಸವಂತಮ್ಮ ಆ ಏಳು ಜನರಲ್ಲಿ ಒಬ್ಬಳು, ಗಂಡ ಸತ್ತವಳು. ಅವಳಿಗಿದ್ದವನು ಒಬ್ಬನೇ ಮಗ, ಮೌನೇಶ. ಸಭೆಯಲ್ಲಿ ಢೋಲಕ್ ಬಾರಿಸುತ್ತಿದ್ದ. ಮೂರು ತಿಂಗಳ ಬೋಧನೆ ಮುಗಿದು ಮುಂದಿನ ಭಾನುವಾರ ಅವನ ದೀಕ್ಷಾಸ್ನಾನವೆಂದು ನಿಗದಿಯಾಗಿತ್ತು. ಅದು 2021ರ ಆಗಸ್ಟ್, ಕಾಲುವೆ ತುಂಬಿ ಹರಿಯುತ್ತಿತ್ತು. ಗುರುವಾರ ಹತ್ತಿ ಹೊಲದಲ್ಲಿ ಹಾವು ಕಚ್ಚಿತು. ರಾಯಚೂರು ಮುಟ್ಟುವ ಮೊದಲೇ ಹುಡುಗ ಹೋದ.

ಪಾಸ್ಟರ್ ಮಧ್ಯಾಹ್ನಕ್ಕೆ ಬಂದರು. ಬಸವಂತಮ್ಮನ ಅಂಗಳದಲ್ಲಿ ನಿಂತು, "ದೀಕ್ಷಾಸ್ನಾನ ಆಗದಿದ್ದರೂ ಅವನು ನಂಬಿದವನು. ಕಟ್ಟಳೆ ನೆಲಕ್ಕೆ ಮಾತ್ರ, ಪರಲೋಕಕ್ಕಲ್ಲ. ನಾನು ಹೋಗಿ ಸಾಹುಕಾರರನ್ನ ಒಂದು ಮಾತು ಕೇಳ್ತೀನಿ," ಎಂದರು.

"ಬ್ಯಾಡ್ರಿ ಪಾಸ್ಟರ್ರೇ," ಎಂದಳು ಸೂಗಮ್ಮ. "ಕೇಳಿದ್ರ ಇರೋ ಜಾಗಾನೂ ಹೋಗ್ತದ. ಹನ್ನೊಂದು ಸಲ ಅವ್ರ ಕಟ್ಟಿ ಮ್ಯಾಲ ಕುಂತಾಕಿ ನಾನು, ನನಗ ಗೊತ್ತದ. ಇವತ್ತ ಒಬ್ಬಗ ಬೇಲಿ ತೆಗದ್ರ ನಾಳಿ ಎಲ್ಲಾರ್ಗೂ ತೆಗೀಬೇಕು. ಕಟ್ಟಳಿ ಅಂದ್ರ ಕಟ್ಟಳಿ."

ಎಲ್ಲರೂ ಬಸವಂತಮ್ಮನನ್ನು ನೋಡಿದರು. ಅವಳು ಮಗನ ಅಂಗಿಯ ಗುಂಡಿ ಹಾಕುತ್ತಿದ್ದಳು. ಮೇಲಿನದೊಂದು ಗುಂಡಿ ಕಿತ್ತುಹೋಗಿತ್ತು. ಅದರ ತೂತಿನ ಮೇಲೆ ಬೆರಳಾಡಿಸುತ್ತಲೇ ಇದ್ದಳು.

ಗಡಿಗೆಪ್ಪ ಎದ್ದು ಸಲಿಕೆ ತೆಗೆದುಕೊಂಡ. ಬೇಲಿಯ ಹೊರಗೆ, ಕಾಲುವೆಯ ಏರಿಯ ಕೆಳಗೆ, ಜಾಲಿ ಗಿಡದ ಮಗ್ಗುಲಲ್ಲಿ ತಾನೇ ತೋಡಿದ. "ಇದು ಕಾಲುವಿ ಜಾಗ. ಇಲ್ಲಿ ಯಾರನ್ನೂ ಕೇಳೂದು ಬ್ಯಾಡ," ಎಂದ. ತಂತಿಯಿಂದ ಗುಂಡಿಗೆ ಎಂಟು ಅಡಿ ಅಂತರವಿತ್ತು. ಮನೆಗೆ ಬರುವಾಗ ಹೆಂಡತಿಗೆ ಅವನು ಹೇಳಿದ್ದು ಒಂದೇ ಮಾತು:

"ನಿನ್ನ ಕಟ್ಟಳಿ ಭಾಳ ಗಟ್ಟಿ ಅದಬೇ."

ಮುಂದಿನ ಭಾನುವಾರ ಅವನು ಸಭೆಯ ಬಾಗಿಲ ಹೊರಗೆ ಬಂದು ಕೂತ. ಎರಡು ತಿಂಗಳಿಗೆ ಹೊಸ್ತಿಲ ಮೇಲೆ ಕೂತ. ಆಮೇಲೆ ಒಳಗೆ, ಮೌನೇಶನ ಢೋಲಕ್ ಇಟ್ಟಿದ್ದ ಮೂಲೆಯಲ್ಲಿ. ಮರುವರ್ಷದ ಅಕ್ಟೋಬರಿನಲ್ಲಿ ತನ್ನನ್ನೂ ಮುಳುಗಿಸಿರೆಂದು ಕೇಳಿದ. ಕಾರಣವೇನೆಂದು ಪಾಸ್ಟರ್ ಕೇಳಿದಾಗ, "ಆ ಹುಡುಗನ್ನ ಮಲಗಿಸಿ ಬಂದಾಗಿಂದ ಕುಂತಲ್ಲಿ ಕುಂದ್ರಾಕ ಆಗವಲ್ದು," ಎಂದ.

ಸೂಗಮ್ಮ ಅಂದು ಬೇವಿನ ಸಸಿಗೆ ಎರಡು ಕೊಡ ನೀರು ಹೊತ್ತು ಹಾಕಿದಳು.

ಬೋಧನೆಯ ಮೂರು ತಿಂಗಳು ಜನವರಿಗೆ ಮುಗಿದವು. ಆಗ ಕಾಲುವೆಯಲ್ಲಿ ನೀರಿರಲಿಲ್ಲ. ದೇವದುರ್ಗದ ಸಭೆಯಲ್ಲಿ ಸಿಮೆಂಟಿನ ತೊಟ್ಟಿಯಿದೆ, ಅಲ್ಲಿಗೇ ಬನ್ನಿ ಎಂದರು ಪಾಸ್ಟರ್. ಗಡಿಗೆಪ್ಪ ಒಪ್ಪಲಿಲ್ಲ.

"ಮೂವತ್ತು ವರ್ಷ ಊರಿಗೆಲ್ಲಾ ನೀರು ಬಿಟ್ಟವ ನಾನು. ನನಗ ತೊಟ್ಟಿ ನೀರೇನ್ರಿ? ಹದಿನೆಂಟನೇ ತಾರೀಖಿಗೆ ನಮ್ಮ ಸರದಿ ಅದ. ಇಪ್ಪತ್ತೆರಡು ಭಾನುವಾರ. ಅವತ್ತ ಮಾಡ್ರಿ."

"ಈ ದೇಹಕ್ಕ ನಮ್ಮ ಕಾಲುವಿ ಸಾಲಂಗಿಲ್ಲ, ಡ್ಯಾಮಿಗೇ ಒಯ್ಯಬೇಕು," ಎಂದ ಮೀರಾಹುಸೇನ.

"ಲೇ, ನೀ ಗೇಟ್ ಹಿಡಿಯಾಕ ಬಾ ಸಾಕು. ಕೈ ಬಿಟ್ಟೀ, ಪಾಸ್ಟರಪ್ಪನೂ ತೇಲಿ ಹೋಗ್ತಾನ."

ಸೂಗಮ್ಮನಿಗೂ ಅದೇ ಬೇಕಾಗಿತ್ತು. ನಾಲ್ಕು ವರ್ಷ ದಡದಲ್ಲಿ ನಿಂತು ನಗೆಯಾಡಿದವನು ಅದೇ ನೀರಿಗೆ ಇಳಿಯುವುದನ್ನು ಊರು ನೋಡಲಿ ಎಂದುಕೊಂಡಳು. ಹೊಸ ಬಿಳಿ ಅಂಗಿ, ಪಂಚೆ ತೊಳೆದು ಮಡಚಿಟ್ಟಳು.

ಹದಿನೆಂಟಕ್ಕೆ ನೀರು ಬರಲಿಲ್ಲ. ಮೇಲಿನ ಊರುಗಳಲ್ಲಿ ಯಾರೋ ತೂಬುಗಳು ಮುಚ್ಚದಂತೆ ಕಲ್ಲು ಕೊಟ್ಟು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡಿದ್ದರು. ಇಪ್ಪತ್ತೆರಡರ ಬೆಳಿಗ್ಗೆ ಕಾಲುವೆಯ ತಳದಲ್ಲಿ ಆಡುಗಳು ಅಡ್ಡಾಡುತ್ತಿದ್ದವು. ಗಡಿಗೆಪ್ಪ ಗೇಟಿನ ಹತ್ತಿರ ಹೋಗಿ ನಿಂತು ಬಂದ. "ಇನ್ನೊಂದು ವಾರ," ಎಂದ. ಪಾಸ್ಟರ್ ಮತ್ತೆ ತೊಟ್ಟಿಯ ಮಾತೆತ್ತಿದರು. "ಇಷ್ಟು ದಿನ ಕಾದಾರ, ಇನ್ನೊಂದು ವಾರ ಕಾಯ್ತಾರ ಬಿಡ್ರಿ," ಎಂದವಳು ಸೂಗಮ್ಮ.

ಇಪ್ಪತ್ನಾಲ್ಕರ ಮಂಗಳವಾರ ಬೆಳಿಗ್ಗೆ ಆರಕ್ಕೆ ಅವನ ಎದೆ ಹಿಡಿಯಿತು. ಮೀರಾಹುಸೇನ ಆಟೊದಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡ. ಊರ ಹೊರಗೆ ಕಾಲುವೆಯ ಸೇತುವೆ ಬಂದಾಗ ಗಡಿಗೆಪ್ಪ ಕೈಯೆತ್ತಿದ.

"ನಿಂದ್ರಸಲೇ. ನೀರು ಬಂತೇನು ನೋಡು."

ಸೂಗಮ್ಮ ಇಳಿದು ಇಣುಕಿದಳು. ತಳದ ಮಣ್ಣು ಬಿರುಕು ಬಿಟ್ಟಿತ್ತು. ವಾಪಸ್ ಹತ್ತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಬರಾಕತ್ತದ," ಎಂದಳು.

"ಎಷ್ಟು ಅದ?"

"ಮೊಳಕಾಲಮಟ."

"ಸಾಲಂಗಿಲ್ಲ," ಎಂದ ಗಡಿಗೆಪ್ಪ. ಅದೇ ಕೊನೆಯ ಮಾತು. ರಾಯಚೂರಿನ ಆಸ್ಪತ್ರೆಯಲ್ಲಿ ಒಳಗೆ ಒಯ್ದ ನಲವತ್ತು ನಿಮಿಷಕ್ಕೆ ಅವನು ತೀರಿಕೊಂಡ.

ಹೆಣ ಊರಿಗೆ ಬಂದಾಗ ಹನ್ನೊಂದು ಗಂಟೆ. ಮೊದಲು ಬಂದವನು ಬೂದೆಪ್ಪ. "ಯವ್ವಾ, ಅವ ಮುಳುಗಿಲ್ಲಲ್ಲ, ಇನ್ನಾ ನಮ್ಮವನ. ಹಲಗಿ ಹಚ್ಚಿ ಮರ್ಯಾದಿಲೆ ಒಯ್ತೀವಿ," ಎಂದ. ಅವನ ದನಿಯಲ್ಲಿ ಜಗಳವಿರಲಿಲ್ಲ. ಗಂಡನಿಗೆ ಅದು ಬೇಕಿರಲಿಲ್ಲ ಎಂದಷ್ಟೇ ಸೂಗಮ್ಮ ಹೇಳಿದಳು. ಬೂದೆಪ್ಪ ತಲೆಯಾಡಿಸಿ ಗೋಡೆಗೊರಗಿ ಕೂತ.

ಪಾಸ್ಟರ್ ಬಂದರು. ಈ ಸಲ ಅವರು ಯಾರನ್ನೂ ಕೇಳಲಿಲ್ಲ. ಆಟೊ ಇಳಿದವರೇ ನೇರವಾಗಿ ಬಸವಲಿಂಗ ಸಾಹುಕಾರರ ಮನೆಗೆ ನಡೆದರು. ಹೆಣದ ಕಾಲು ತೊಳೆಯಲು ಬಸವಂತಮ್ಮ ಒಲೆಯ ಮೇಲೆ ನೀರಿಟ್ಟಿದ್ದಳು. ಆ ನೀರು ಕಾಯುವುದರೊಳಗೆ ಪಾಸ್ಟರ್ ಹಿಂದಿರುಗಿದರು.

"ಒಪ್ಪಿದ್ರು!" ಎಂದರು, ಏದುಸಿರು ಬಿಡುತ್ತ. "ಕೂಡೋದಕ್ಕೂ ಹೇಳಲಿಲ್ಲ, ನಿಂತಲ್ಲೇ ಒಪ್ಪಿದ್ರು. 'ಗಡಿಗೆಪ್ಪ ಅಲ್ಲೇನ್ರಿ, ನನ್ನ ಹೊಲಕ್ಕ ಮೂವತ್ತು ವರ್ಷ ನೀರು ಬಿಟ್ಟಾನ. ಇದನ್ನ ಕೇಳಾಕ ಬರಬೇಕೇನು? ಆ ಹುಡುಗನ್ನ ಯಾಕ ಹೊರಗ ಇಟ್ರಿ ಅಂತ ಆವಾಗ್ಲೇ ಅನಕೊಂಡಿದ್ದೆ' ಅಂದ್ರು."

ಬಸವಂತಮ್ಮ ಅಲ್ಲೇ ಇದ್ದಾಳೆಂದು ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೆ ಹೊಳೆಯಿತು.

ಬಸವಂತಮ್ಮ ತಂಬಿಗೆ ಕೆಳಗಿಟ್ಟಳು. "ಒಂದ ಮಾತಿಗಿ ಒಪ್ಪಿದ್ರೇನ್ರಿ?" ಎಂದು ಕೇಳಿದಳು. ಪಾಸ್ಟರ್ ಮುಖದ ಬೆವರು ಒರೆಸಿಕೊಂಡರು. "ಅಲ್ರೀ, ಒಂದ ಮಾತಿಗೇನು?"

ಯಾರೂ ಸೂಗಮ್ಮನ ಕಡೆ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಬಸವಂತಮ್ಮನ ಕೈಬೆರಳನ್ನು. ಅದು ತಂಬಿಗೆಯ ಬಾಯಿಯ ಮೇಲೆ ಸುತ್ತುತ್ತಿತ್ತು, ಅಂದು ಗುಂಡಿಯ ತೂತಿನ ಮೇಲೆ ಆಡಿದ ಹಾಗೆಯೇ. ಹನ್ನೊಂದು ಸಲ ನಡೆದದ್ದು ಖರೆ. ಹನ್ನೆರಡನೇ ಸಲ ನಡೆಯುವವರನ್ನು ತಡೆದದ್ದೂ ಖರೆ.

ಬಸವಂತಮ್ಮ ಮತ್ತೆ ತಂಬಿಗೆ ಎತ್ತಿ ಗಡಿಗೆಪ್ಪನ ಪಾದದ ಮೇಲೆ ಬೆಚ್ಚಗಿನ ನೀರು ಸುರಿದಳು. ಬೆರಳ ಸಂದಿಯ ಮಣ್ಣನ್ನೆಲ್ಲ ತಿಕ್ಕಿ ತೊಳೆದಳು. "ಒಳಗ ಒಯ್ರಿ. ನನ್ನ ಮಗಗ ಮಣ್ಣು ತೋಡಿದ ಕೈ ಅವು," ಎಂದಳು.

"ಹೊರಗ ತೋಡ್ರಿ," ಎಂದಳು ಸೂಗಮ್ಮ. "ಮೌನೇಶನ ಬಾಜೂಕ."

"ಯಕ್ಕಾ, ನಿನ್ನ ಜಾಗ ಬೇವಿನ ಬುಡಕ ಅದ. ನೀ ಒಳಗ, ಅಂವ ಹೊರಗ ಆಗ್ತದ," ಎಂದು ಸಭೆಯವರೊಬ್ಬರು ಮೆಲ್ಲಗೆ ಹೇಳಿದರು.

"ಗೊತ್ತದ."

ಸಂಜೆ ನಾಲ್ಕಕ್ಕೆ, ದೀಕ್ಷಾಸ್ನಾನಕ್ಕೆಂದು ಮಡಚಿಟ್ಟಿದ್ದ ಬಿಳಿ ಬಟ್ಟೆಯಲ್ಲಿ ಅವನನ್ನು ಹೊರಗೆ ಮಣ್ಣು ಮಾಡಿದರು. ಹಾಡು ಹಾಡಿದರು. ಢೋಲಕ್ ತಂದಿರಲಿಲ್ಲ. ಬೂದೆಪ್ಪನೂ ಮೀರಾಹುಸೇನನೂ ಒಂದೊಂದು ಹಿಡಿ ಮಣ್ಣು ಹಾಕಿದರು.

ನೀರು ಬಂದದ್ದು ಫೆಬ್ರುವರಿ ಎರಡಕ್ಕೆ.

ಅದರ ಮುಂದಿನ ಭಾನುವಾರ ಕೇರಿಯ ಇಬ್ಬರು ಹೆಣ್ಣುಮಕ್ಕಳು ಮುಳುಗುವವರಿದ್ದರು. ಗಡಿಗೆಪ್ಪ ಹೇಳಿದ್ದ ಮಾತಿನಂತೆ ಮೀರಾಹುಸೇನ ಬಂದು ಗೇಟಿನ ಚಕ್ರ ಹಿಡಿದ. ಮೊದಲು ಹೆಚ್ಚು ಇಳಿಸಿದ, ನೀರು ಪಾಸ್ಟರರ ಎದೆಗೆ ಬಂತು; ಆಮೇಲೆ ಎತ್ತಿದ, ಮೊಣಕಾಲಿಗೆ ಇಳಿಯಿತು. "ಈ ಕೆಲಸಾ ಅಂವ ಹ್ಯಾಂಗ ಮಾಡ್ತಿದ್ದನೋ," ಎಂದು ಗೊಣಗಿದ. ಕೊನೆಗೆ ಹೇಗೋ ಸೊಂಟಮಟ್ಟ ನಿಂತಿತು.

ಎಲ್ಲ ಮುಗಿದ ಮೇಲೆ ಪಾಸ್ಟರ್ ಒದ್ದೆ ಬಟ್ಟೆಯಲ್ಲೇ ಬಂದು ಸೂಗಮ್ಮ, ಬಸವಂತಮ್ಮ ಇಬ್ಬರ ಮುಂದೆ ನಿಂತರು. ಸಾಹುಕಾರರು ಮತ್ತೆ ಮಾತಾಡಿದ್ದಾರೆ, ಬೇಲಿಯನ್ನು ಏರಿಯವರೆಗೆ ಸರಿಸಿಕೊಳ್ಳಿ ಅಂದಿದ್ದಾರೆ. ನಾಲ್ಕು ಕಂಬ ಕಿತ್ತು ನೆಟ್ಟರೆ ಮೌನೇಶ, ಗಡಿಗೆಪ್ಪ ಇಬ್ಬರೂ ಒಳಗೆ ಬರುತ್ತಾರೆ ಎಂದರು.

ಬಸವಂತಮ್ಮ ಮುಳುಗಿದ ಹುಡುಗಿಯರ ಸೀರೆ ಹಿಂಡುತ್ತಿದ್ದಳು. ತಲೆಯೆತ್ತಲಿಲ್ಲ. "ನನ್ನ ಮಗಗ ಹೊರಗ ರೂಢಿ ಆಗ್ಯದ್ರಿ. ಬೇಕಾದ್ರ ಸೂಗವ್ವನ ಗಂಡನ್ನ ಒಳಗ ತಗೋರಿ."

ಪಾಸ್ಟರ್ ಒದ್ದೆ ಬಟ್ಟೆ ಬದಲಿಸಲು ಹೋದರು. ದಡದಲ್ಲಿ ಇಬ್ಬರೇ ಉಳಿದರು. ಸೂಗಮ್ಮ ಮಾತು ತೆಗೆದಳು.

"ಬೇವಿನ ಬುಡದ ಜಾಗ ಬ್ಯಾರೆಯವ್ರಿಗಿ ಬಿಟ್ಟೀನಿ, ಬಸವಂತವ್ವ. ಮೌನೇಶನ ಆ ಬಾಜೂ ನಿನ್ನದು. ಈ ಬಾಜೂ ನಮ್ಮವ್ರು ಅದಾರ. ಅವ್ರ ಕಾಲಬುಡಕ ಒಂದೀಟು ನೆಲ ಉಳದದ. ನಾಳಿ ನನ್ನನ್ನ ಅಲ್ಲಿ ಇಡಬೋದೇನು? ನೀ ಹೂಂ ಅಂದ್ರ ಅಷ್ಟ."

"ಅದು ಕಾಲುವಿ ಜಾಗ. ನನ್ನನ್ನೇನ ಕೇಳ್ತಿ?"

"ನಿನ್ನನ್ನ ಕೇಳಬೇಕು."

ಬಸವಂತಮ್ಮ ಹಿಂಡಿದ ಸೀರೆಯನ್ನು ಒಮ್ಮೆ ಝಾಡಿಸಿ ಬುಟ್ಟಿಗೆ ಹಾಕಿದಳು. ಎರಡನೆಯದನ್ನೂ ಹಾಕಿದಳು. ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಕೇಳೂದು ಈಗ ಕಲತಿ," ಎಂದು ಹೇಳಿ, ಏರಿ ಹತ್ತಿ ಹೋದಳು.

ಗೇಟಿನ ಕಡೆಯಿಂದ ಮೀರಾಹುಸೇನ ಕೂಗಿದ: "ಮುಗೀತೇನ್ರಿ? ಎತ್ತಲೇನು? ಕೆಳಗಿನ ಹೊಲದವ್ರು ಬಾಯಿ ಮಾಡಾಕತ್ತಾರ."

ಸಭೆಯವರೆಲ್ಲ ಹೊರಟುಹೋಗಿದ್ದರು. ಹಿಂದೆಲ್ಲ ಈ ಮಾತಿಗೆ ಜವಾಬು ಕೊಡುತ್ತಿದ್ದವನು ಗಡಿಗೆಪ್ಪ. ಮೀರಾಹುಸೇನ ಎರಡನೇ ಸಲ ಕೂಗಿದ ಮೇಲೆ ಸೂಗಮ್ಮ ಎದ್ದು ನಿಂತು, ಎತ್ತು ಎಂದು ಕೈಬೀಸಿದಳು.