ಗೋಡೆಯಾಚೆಗೂ ಕೇಳುವ ಗುಂಡಿ

ಟೈಲರಮ್ಮನಿಗೆ ಜಗಳವೆಂದರೆ ಆಗದು ಎನ್ನುವವರು ಅವಳನ್ನು ಷೇರುದಾರರು ವಾದ ಮಾಡುವ ವೆಬ್‌ಸೈಟಿನಲ್ಲಿ ನೋಡಿರಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು, ಕನ್ನಡಕ ಏರಿಸಿ, ಫೋನಿನ ಮೇಲೆ ಒಂದೇ ಬೆರಳು ಕುಟ್ಟುತ್ತ ಕೂತಳೆಂದರೆ ಎದುರಿನವನ ನೀರಿಳಿಸಿಯೇ ಏಳುವುದು. ಎದುರಿನವನು ಒಬ್ಬನೇ. ಹೆಸರು ಹೇಳಿಕೊಳ್ಳುವ ಧೈರ್ಯವಿಲ್ಲದೆ ‘ಗೂಬೆ’ ಎಂದು ಸಹಿ ಹಾಕಿ, ಮರೆಯಲ್ಲಿ ನಿಂತು ಕಲ್ಲೆಸೆಯುವ ಹೇಡಿ.

ಗೂಬೆಯ ಕಲ್ಲು ಬೀಳುತ್ತಿದ್ದುದು ಒಂದು ಸಣ್ಣ ಕಂಪನಿಯ ಮೇಲೆ, ಅದಕ್ಕಿಂತ ಹೆಚ್ಚಾಗಿ ಅದರ ಯಜಮಾನನ ಮೇಲೆ. ಕಿವಿ ಮಂದವಾದವರಿಗೆ ಶ್ರವಣಯಂತ್ರ ಮಾಡುವ ಕಂಪನಿ ಅದು. ಯಜಮಾನನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಹುಡುಗನಾಗಿದ್ದಾಗ ಕೈಗೆ ಸಿಕ್ಕ ರೇಡಿಯೋಗಳನ್ನೆಲ್ಲ ಬಿಚ್ಚಿ ಹರವುತ್ತಿದ್ದ. ಅವನು ಬಿಚ್ಚಿದ ಮೊದಲನೆಯದು ಟೈಲರಮ್ಮನ ರೇಡಿಯೋ. ಅದು ಮತ್ತೆಂದೂ ಹಾಡಲಿಲ್ಲ. ಅವಳ ತಮ್ಮನ ಗೆಳೆಯ, ಅವಳ ಮನೆಯಲ್ಲೇ ಉಂಡು ಬೆಳೆದವ, ‘ಅಕ್ಕ, ಅಕ್ಕ’ ಎಂದು ಬೆನ್ನ ಹಿಂದೆಯೇ ತಿರುಗಿದವ. ಹಾಗಿರುವಾಗ ಬೈದು ಕಳಿಸಲಾದೀತೇ?

ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವ ಅಂಗಡಿ ಅವಳದು. ವರ್ಷಗಟ್ಟಲೆ ಮಷೀನುಗಳ ಸದ್ದಿನಲ್ಲಿ ಕೂತು ಕೂತು ಅವಳ ಕಿವಿ ಹೋಯಿತು. ಅಂಗಡಿ ಮಾರಿದಾಗ ಬಂದುದನ್ನೆಲ್ಲ ತಂದು ರೇಡಿಯೋನ ಕಂಪನಿಗೆ ಸುರಿದಳು. ತಮ್ಮ ಬೇಡವೆಂದ. ಅವನು ಲಿಫ್ಟ್ ರಿಪೇರಿ ಮಾಡುವವನು. “ಮೇಲಕ್ಕೆ ಹೋಗೋದನ್ನೆಲ್ಲ ಅನುಮಾನದಿಂದ ನೋಡೋದೇ ನಿನ್ನ ಕೆಲಸ ಬಿಡು” ಎಂದು ಅವಳು ನಕ್ಕುಬಿಟ್ಟಳು.

ಕಂಪನಿಯ ಹೆಮ್ಮೆಯೆಂದರೆ ಗುಂಡಿ. ಅದೊಂದು ಪುಟ್ಟ ಮೈಕು. ಮಾತಾಡುವವರು ಕಾಲರಿಗೆ ಸಿಕ್ಕಿಸಿಕೊಂಡರೆ ಸಾಕು, ಅವರ ದನಿ ಕೇಳುವವರ ಕಿವಿಯಲ್ಲಿರುವ ಯಂತ್ರಕ್ಕೆ ನೇರವಾಗಿ ಬಂದು ಇಳಿಯುತ್ತದೆ. ಕೋಟಿನ ಗುಂಡಿಯಷ್ಟೇ ಇದೆಯಲ್ಲ ಎಂದು ಆ ಹೆಸರಿಟ್ಟವಳು ಟೈಲರಮ್ಮನೇ. ಕಂಪನಿಯ ಪ್ರತಿ ಬಾಗಿಲ ಮೇಲೂ ‘ಕೋಣೆ ಬಿಡುವಾಗ ಗುಂಡಿ ಆರಿಸಿ’ ಎಂದು ಬರೆದು ಅಂಟಿಸಿದ್ದರು. ಒಮ್ಮೆ ಒಬ್ಬ ನೌಕರ ಆರಿಸುವುದನ್ನು ಮರೆತು ಶೌಚಾಲಯಕ್ಕೆ ಹೋಗಿ, ಅಲ್ಲಿನ ಸಮಾಚಾರವೆಲ್ಲ ಪರೀಕ್ಷೆಗೆ ಬಂದಿದ್ದ ಅಜ್ಜಿಯೊಬ್ಬರ ಕಿವಿಗೆ ಬಿದ್ದ ಮೇಲೆ ಹುಟ್ಟಿದ ನಿಯಮ ಅದು. ಅಜ್ಜಿ ನಕ್ಕೂ ನಕ್ಕೂ ಕೆಮ್ಮು ಹಿಡಿಸಿಕೊಂಡರಂತೆ.

‘ನಡುವೆ ಒಂದು ಗೋಡೆ ಬಂದರೆ ಗುಂಡಿ ಮೂಕ’ ಎಂದು ಗೂಬೆ ಬರೆದಾಗ ಟೈಲರಮ್ಮ ಈ ಕತೆಯನ್ನೇ ಬರೆದು ಅವನ ಬಾಯಿ ಮುಚ್ಚಿಸಿದ್ದಳು. ‘ಯಜಮಾನ ಕಳ್ಳ, ಕಂಪನಿ ಇಂದೋ ನಾಳೆಯೋ ಮುಳುಗುತ್ತದೆ, ಬೇಗ ಮಾರಿ ಕೈ ತೊಳೆದುಕೊಳ್ಳಿ’ ಎಂದಾಗ, ‘ನಾನು ಅವನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲೆ, ಆ ಚಡ್ಡಿ ಹೊಲಿದವಳೂ ನಾನೇ’ ಎಂದಳು. ಓದಿದವರು ನಕ್ಕರು, ಷೇರು ಮಾರಹೊರಟ ಕೆಲವರು ನಿಂತರು. ವರ್ಷವಿಡೀ ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಗೂಬೆ ಬೇರೆಯದನ್ನೇ ಬರೆದಿದ್ದ. ‘ಪಕ್ಕದ ಕೋಣೆಯಲ್ಲಿ ಗಂಡ ಬಿದ್ದು ಕೂಗುತ್ತಿದ್ದರೂ ಕೇಳಿಸದೆ ಹೊಲಿಯುತ್ತ ಕೂತಿದ್ದ ಹೆಂಗಸು, ಈಗ ನಮಗೆ ಬುದ್ಧಿ ಹೇಳುತ್ತಾಳೆ.’

ಟೈಲರಮ್ಮ ಅದನ್ನು ಎರಡೆರಡು ಸಲ ಓದಿದಳು. ಅದು ನಿಜ. ಅವಳು ಮನೆಯಲ್ಲಿ ಹೊಲಿಯುತ್ತಿದ್ದಾಗ ಗಂಡ ಪಕ್ಕದ ಬಚ್ಚಲಲ್ಲಿ ಜಾರಿಬಿದ್ದು ಕೂಗಿದ್ದ. ಎಷ್ಟು ಹೊತ್ತು ಕೂಗಿದನೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಬಟ್ಟೆ ಮುಗಿಸಿ ಎದ್ದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ವಿಷಯ ಅವಳು ಹೇಳಿಕೊಂಡಿದ್ದುದು ಇಬ್ಬರಿಗೆ ಮಾತ್ರ. ಒಬ್ಬ ತಮ್ಮ. ಇನ್ನೊಬ್ಬ ರೇಡಿಯೋ. ಮೊದಲ ಸಲ ಅವಳ ಕಿವಿ ಪರೀಕ್ಷೆ ಮಾಡುವಾಗ ಅವನು, “ಯಾವ ಸದ್ದು ಕೇಳಿಸಬೇಕಿತ್ತು ಅನ್ಸುತ್ತೆ ಅಕ್ಕ?” ಎಂದು ಕೇಳಿದ್ದ. ಅವಳು ಅತ್ತು ಎಲ್ಲ ಹೇಳಿದ್ದಳು, ಅವನೂ ಕಣ್ಣೊರೆಸಿಕೊಂಡಿದ್ದ.

ಒಬ್ಬನ ಮೇಲೆ ಅನುಮಾನ ಪಡಲು ಅವಳ ಮನಸ್ಸು ಒಪ್ಪಲಿಲ್ಲ. ಇನ್ನೊಬ್ಬನ ಮೇಲೆ ಒಪ್ಪಿತು. ನೆಟ್ಟಗೆ ತಮ್ಮನ ಮನೆಗೆ ಹೋಗಿ ಫೋನನ್ನು ಅವನ ಮುಖಕ್ಕೆ ಹಿಡಿದಳು.

“ನೀನೇ ತಾನೇ ಇದು?”

ತಮ್ಮ ಓದಿದ. ಅವನ ಮುಖ ಸಪ್ಪಗಾಯಿತು. “ಅಕ್ಕ, ನಂಗೆ ಹೇಳೋದಿದ್ರೆ ನಿನ್ನ ಮುಖಕ್ಕೇ ಹೇಳಲ್ವಾ? ಯಾವತ್ತಾದ್ರೂ ಬೇರೆ ಥರ ಮಾಡಿದ್ದೀನಾ?”

“ಮತ್ತೆ ಇನ್ಯಾರಿಗೆ ಗೊತ್ತಿತ್ತು? ಮೊದಲಿಂದ್ಲೂ ಅವನ ಕಂಡ್ರೆ ಹೊಟ್ಟೆಕಿಚ್ಚು ನಿಂಗೆ. ಅದಕ್ಕೆ ನಿಮ್ಮ ಭಾವನ ಸಾವೇ ಬೇಕಿತ್ತೇನೋ?”

ತಮ್ಮ ಇನ್ನೊಂದು ಮಾತಾಡಲಿಲ್ಲ. ಸುಮ್ಮನಿದ್ದುದನ್ನೇ ಅವಳು ಒಪ್ಪಿಗೆಯೆಂದು ತಿಳಿದಳು. “ಇನ್ಮೇಲೆ ನನ್ನ ಹೊಸ್ತಿಲು ತುಳೀಬೇಡ” ಎಂದು ಬಂದುಬಿಟ್ಟಳು. ಅವನು ತುಳಿಯಲೂ ಇಲ್ಲ. ನಲ್ಲಿ ಸೋರಿದರೆ, ಬಲ್ಬು ಹೋದರೆ ಓಡಿಬರುತ್ತಿದ್ದವನಿಲ್ಲದೆ ಅಡುಗೆಮನೆ ಅರೆಗತ್ತಲಲ್ಲೇ ಉಳಿಯಿತು. ಗೂಬೆಗೆ ಮಾತ್ರ ಅವಳು ಮೊದಲಿಗಿಂತ ಖಾರವಾಗಿ ಉತ್ತರ ಬರೆದಳು.

ಮುಂದಿನ ತಿಂಗಳು ರೇಡಿಯೋ ಅವಳನ್ನು ಕಂಪನಿಗೆ ಕರೆಸಿಕೊಂಡ. ಪರೀಕ್ಷೆಯ ಗಾಜಿನ ಕೋಣೆಯಲ್ಲಿ ಕೂರಿಸಿ, ಅವಳ ಕಿವಿಯ ಯಂತ್ರವನ್ನು ತಾನೇ ಸರಿಮಾಡಿ, ಕಾಲರಿಗೆ ಗುಂಡಿ ಸಿಕ್ಕಿಸಿಕೊಂಡು, ಯಾವಾಗಲೂ ಕೇಳುವಂತೆ ಕೇಳಿದ: “ಕೇಳಿಸ್ತಿದ್ಯಾ ಅಕ್ಕ?”

“ಚೆನ್ನಾಗಿ ಕೇಳಿಸ್ತಿದೆ ಕಣೋ.”

“ಆ ಗೂಬೆ ಕಾಟ ನೋಡಿದ್ರಾ? ನಂಗೇನೋ ಪರವಾಗಿಲ್ಲ. ನಿಮ್ಮ ಬಗ್ಗೆನೂ ಹಾಗೆಲ್ಲ ಬರೆದ್ನಲ್ಲ, ನನ್ನ ಹೊಟ್ಟೆ ಉರೀತು. ನೀವು ಈ ರಗಳೆಯಿಂದ ಆಚೆ ಬಂದ್ಬಿಡಿ ಅಕ್ಕ. ನಿಮ್ಮ ಷೇರನ್ನೆಲ್ಲ ನನ್ನ ಭಾವಮೈದ ತಗೋತಾನೆ. ರೇಟು ಬಿದ್ದಿದೆ ನಿಜ, ಆದ್ರೆ ನೆಮ್ಮದಿ ಮುಖ್ಯ.”

ಅವಳು ಅವನ ಕೈ ಹಿಡಿದುಕೊಂಡಳು. ತನ್ನ ಹಡಗೇ ಮುಳುಗುವಾಗಲೂ ಅಕ್ಕನ ಚಿಂತೆ ಮಾಡುತ್ತಾನಲ್ಲ! “ಹೋಗೋ, ಎಲ್ಲರೂ ಓಡಿದ್ರೂ ನಾನು ಓಡೋಳಲ್ಲ. ನಿನಗೋಸ್ಕರ ಒಡಹುಟ್ಟಿದೋನ್ನೇ ಬಿಟ್ಟಿದ್ದೀನಿ. ಷೇರು ಬಿಡ್ತೀನಾ?”

ರೇಡಿಯೋ ತಲೆ ತಗ್ಗಿಸಿದ. ಅಳು ನುಂಗುತ್ತಿದ್ದಾನೆ ಎಂದುಕೊಂಡಳು. ಅಷ್ಟರಲ್ಲಿ ಕಂಪನಿಯ ಲೆಕ್ಕದವನು ಬಾಗಿಲಲ್ಲಿ ಇಣುಕಿ ಕೈಸನ್ನೆ ಮಾಡಿದ. “ಒಂದ್ನಿಮಿಷ ಅಕ್ಕ, ಕಾಫಿ ತರಿಸ್ತೀನಿ” ಎಂದು ರೇಡಿಯೋ ದಡಬಡ ಎದ್ದು ಹೋದ. ಬಾಗಿಲ ಮೇಲಿನ ಬರಹವನ್ನು ತಾನೇ ಬರೆಸಿದ್ದವನು ತಾನೇ ಮರೆತ. ಗುಂಡಿ ಅವನ ಕಾಲರಿನಲ್ಲೇ ಹೋಯಿತು.

ಅವಳ ಕಿವಿಯಲ್ಲಿ ಚಪ್ಪಲಿಯ ಸದ್ದು, ಒಂದು ಬಾಗಿಲು, ಇನ್ನೊಂದು ಬಾಗಿಲು. ಕರೆದು ಹೇಳೋಣವೆಂದು ಬಾಯಿ ತೆರೆದಳು. ಆಗ ಅವನ ದನಿ ಬಂತು, ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ.

“ಇಲ್ಲ ಕಣೋ, ಜಪ್ಪಯ್ಯ ಅಂದ್ರೂ ಮಾರಲ್ಲ ಅಂತಾಳೆ.”

ಲೆಕ್ಕದವನ ದನಿ ಸಣ್ಣದಾಗಿ ಕೇಳಿಸಿತು. “ದೊಡ್ಡ ಕಂಪನಿಯೋರು ಮುಂದಿನ ತಿಂಗಳೇ ಕೊಳ್ಳೋಕೆ ರೆಡಿ. ಅಷ್ಟರೊಳಗೆ ಸಣ್ಣೋರ ಷೇರೆಲ್ಲ ನಮ್ಮ ಕೈಗೆ ಬರ್ಬೇಕು ಸಾರ್. ಆಮೇಲೆ ಚಿನ್ನದ ರೇಟು.”

“ನಂಗೊತ್ತಿಲ್ವಾ? ವರ್ಷದಿಂದ ಗೂಬೆ ಅಂತ ಬರೆದೂ ಬರೆದೂ ನನ್ನ ಬೆರಳು ಸವೀತು. ಈಯಮ್ಮ ಕಂಬದ ಹಾಗೆ ಅಡ್ಡ ನಿಂತಿದ್ದಾಳೆ, ಇವಳನ್ನ ನೋಡಿ ಉಳಿದೋರೂ ಹಿಡ್ಕೊಂಡಿದ್ದಾರೆ. ಗಂಡನ ವಿಷಯ ಹಾಕಿದ್ರೆ ಮುರಿದು ಬೀಳ್ತಾಳೆ ಅಂದ್ಕೊಂಡೆ. ಇವಳು ಹೋಗಿ ತಮ್ಮನ ಜೊತೆ ಜಗಳ ಆಡ್ಕೊಂಡು ಬಂದಿದ್ದಾಳೆ!” ರೇಡಿಯೋ ನಕ್ಕ. ಅದೇ ನಗು. ಚಿಕ್ಕಂದಿನಲ್ಲಿ ಅವಳ ಅಡುಗೆಮನೆಯಲ್ಲಿ ಕೂತು ನಗುತ್ತಿದ್ದ ನಗು.

ಟೈಲರಮ್ಮ ಅಲುಗಲಿಲ್ಲ. ಬೆನ್ನಿಗೆ ಚೂರಿ ಹಾಕುವುದು ಎಂದು ಜನ ಹೇಳುವುದನ್ನು ಕೇಳಿದ್ದಳು. ಇದು ಕಿವಿಯ ಮೂಲಕವೇ ಎದೆಗೆ ಇಳಿಯಿತು. ಯಂತ್ರ ಕಿತ್ತೆಸೆಯಬೇಕೆನಿಸಿತು. ಕೀಳಲಿಲ್ಲ. ಒಮ್ಮೆ ಕೇಳಿಸದೆ ಹೋದದ್ದಕ್ಕೆ ಜನ್ಮವೆಲ್ಲ ಅತ್ತವಳು ಇದನ್ನು ಕೊನೆಯವರೆಗೂ ಕೇಳಿದಳು.

ರೇಡಿಯೋ ಕಾಫಿ ಹಿಡಿದು ಬಂದ. “ತಡ ಆಯ್ತಾ? ಕೇಳಿಸ್ತಿದ್ಯಾ ಅಕ್ಕ?”

ಅವಳು ಎದ್ದು, ಅಳತೆ ನೋಡುವಾಗ ಚುಚ್ಚಿದ ಪಿನ್ನು ತೆಗೆಯುವಂತೆ, ಅವನ ಕಾಲರಿನಿಂದ ಗುಂಡಿಯನ್ನು ಮೆಲ್ಲಗೆ ಬಿಡಿಸಿದಳು. ಅದರ ಪುಟ್ಟ ಹಸಿರು ದೀಪ ಉರಿಯುತ್ತಲೇ ಇತ್ತು. ಅವನು ದೀಪ ನೋಡಿದ, ಅವಳ ಮುಖ ನೋಡಿದ. ಕಾಫಿ ಚೆಲ್ಲಿತು.

“ಕೇಳಿಸ್ತಪ್ಪ. ಗೋಡೆಯಾಚೆಗೂ ಕೇಳಿಸ್ತು.”

ಅವನು ಏನೋ ಹೇಳತೊಡಗಿದ. ಅವಳು ಗುಂಡಿಯನ್ನು ಆರಿಸಿ ಮುಷ್ಟಿಯಲ್ಲಿ ಮುಚ್ಚಿದಳು. ಅವನ ತುಟಿಗಳಷ್ಟೇ ಆಡಿದವು. ಅವಳು ಹೊರಗೆ ನಡೆದಳು.

ಬಸ್ಸಿನಲ್ಲಿ ಕೂತು, ಒಂದೇ ಬೆರಳು ಕುಟ್ಟಿ, ಎಂದಿನಂತೆ ತನ್ನ ಹೆಸರಲ್ಲೇ ಬರೆದಳು: ‘ಗೂಬೆ ಯಾರೆಂದು ನನ್ನ ಕಿವಿಯಾರೆ ಕೇಳಿದೆ. ಅವನು ಕಂಪನಿಯ ಯಜಮಾನನೇ. ಭಾವಮೈದನ ಹೆಸರಲ್ಲಿ ನಮ್ಮ ಷೇರು ಅಗ್ಗಕ್ಕೆ ಹೊಡೆಯಲು ಮಾಡಿದ ನಾಟಕ. ಯಾರೂ ಮಾರಬೇಡಿ. ಗುಂಡಿಯಲ್ಲಿ ದೋಷವಿಲ್ಲ.’ ಬರೆದು ಮುಗಿಸಿದಾಗ ಅವಳಿಗೆ ಗೆದ್ದೆನೆಂದು ಅನಿಸಲಿಲ್ಲ. ತನ್ನದೇ ಮನೆಯಲ್ಲಿ ಉಂಡ ಹುಡುಗನ ಬಗ್ಗೆ ಹೀಗೆ ಬರೆಯಬೇಕಾಯಿತಲ್ಲ ಎಂದುಕೊಂಡು ಫೋನನ್ನು ಚೀಲಕ್ಕೆ ಹಾಕಿದಳು.

ತಮ್ಮ ಬಾಗಿಲು ತೆರೆದ. ಕೈಯಲ್ಲಿ ಗ್ರೀಸು, ಮುಖದಲ್ಲಿ ಏನೂ ಇಲ್ಲ. ಅವಳು ಹೊಸ್ತಿಲ ಹೊರಗೇ ನಿಂತು ನಡೆದುದನ್ನೆಲ್ಲ ಹೇಳಿದಳು. ಒಳಗೆ ಬಾ ಎಂದು ಅವನು ಕರೆಯಲಿಲ್ಲ. ಆಮೇಲೆ ಅವಳು ಗುಂಡಿಯ ದೀಪ ಹೊತ್ತಿಸಿ ಅದನ್ನು ಅವನ ಅಂಗಿಗೆ ಸಿಕ್ಕಿಸಿದಳು.

“ಬಯ್ಯಿ. ಏನೇನು ಬಯ್ಬೇಕೋ ಎಲ್ಲಾ ಬಯ್ಯಿ. ಒಂದಕ್ಷರಾನೂ ಬಿಡದೆ ಕೇಳಿಸ್ಕೋತೀನಿ.”

ತಮ್ಮ ಒಂದೊಂದೇ ಬೆರಳಿನ ಗ್ರೀಸು ಒರೆಸಿಕೊಂಡ. ಕೊನೆಗೆ ಅವನಾಡಿದ್ದು ತೀರ ಮೆಲ್ಲಗೆ; ಗುಂಡಿಯಿಲ್ಲದಿದ್ದರೆ ಅವಳಿಗೆ ಕೇಳಿಸುತ್ತಲೇ ಇರಲಿಲ್ಲ.

“ಅವನ ಪರವಾಗಿ ನೀನು ಊರೋರ ಜೊತೆಗೆಲ್ಲ ಒಂದು ವರ್ಷ ವಾದ ಮಾಡ್ದೆ ಅಕ್ಕ. ನನ್ನ ಪರವಾಗಿ ನಿನ್ನ ಜೊತೆ ನೀನೇ ಒಂದು ನಿಮಿಷ ಮಾಡ್ಬಾರದಿತ್ತಾ?”