ಗೆದ್ದ ಕಡೆಯ ವೋಟು

ಪಕ್ಕದವರ ಗುಂಡಿ ಒತ್ತುವುದು ಆ ಶಾಸನಸಭೆಯ ನಿಯಮದ ಪ್ರಕಾರ ತಪ್ಪು. ಆದರೆ ನಿಯಮ ಮಾಡಿದವರೇ ಅದನ್ನು ಮೊದಲು ಮುರಿದವರಾದ್ದರಿಂದ ಯಾರೂ ಯಾರನ್ನೂ ಕೇಳುವ ಹಾಗಿರಲಿಲ್ಲ. ಇಬ್ಬಿಬ್ಬರಿಗೆ ಒಂದು ಮೇಜು, ಒಬ್ಬೊಬ್ಬರ ಮುಂದೆ ವೋಟು ಹಾಕಲು ಪರಕ್ಕೊಂದು ಹಸಿರು ಗುಂಡಿ, ವಿರೋಧಕ್ಕೊಂದು ಕೆಂಪು. ಒಬ್ಬರು ಕಾಫಿಗೆಂದು ಎದ್ದು ಹೋದರೆ ಇನ್ನೊಬ್ಬರು ಕೈ ಚಾಚಿ ಅವರದನ್ನೂ ಒತ್ತುತ್ತಿದ್ದರು. ಪಕ್ಷ ಬೇರೆಯಾದರೇನು, ಮೇಜು ಒಂದೇ ತಾನೇ. ಆರ್ಡಿತ್ ಮೊಬ್ಲೀ ಮತ್ತು ವೆಂಡೆಲ್ ಟ್ರೂಯೆಟ್ ಹೀಗೆ ಎಷ್ಟೋ ವರ್ಷ ಒಬ್ಬರ ಬೆರಳನ್ನು ಒಬ್ಬರು ನಂಬಿಕೊಂಡು ಬಂದವರು.

ಆರ್ಡಿತ್ ಟ್ಯಾಲೋ ಕೌಂಟಿಯ ಶಾಸಕಿ. ಅದಕ್ಕೆ ಮೊದಲು ಅಲ್ಲಿಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು, ಹೀಗಾಗಿ ಆ ಬೆಟ್ಟದ ಸೀಮೆಯ ಅರ್ಧ ಜನಕ್ಕೆ ಅವಳು ಇವತ್ತಿಗೂ ಟೀಚರ್. ಬಂದೂಕು, ಗಣಿ ತೆರಿಗೆ, ಮರಣದಂಡನೆ, ಹೀಗೆ ಜನ ಕೈ ಕೈ ಮಿಲಾಯಿಸುವಂಥ ಯಾವ ವಿಷಯ ಬಂದರೂ ಮುಂಚೆ ಏನು ಹೇಳಿದ್ದಳೋ ಅದರಂತೆಯೇ ವೋಟು ಹಾಕಿದವಳು. ಬಂದೂಕಿನ ವಿಷಯದಲ್ಲಿ ಊರಿಗೆ ಊರೇ ಅವಳ ಮೇಲೆ ಉರಿದುಬಿದ್ದಿತ್ತು, ಆದರೂ ಮತ್ತೆ ಗೆಲ್ಲಿಸಿತು. ‘ಆಯಮ್ಮ ಹೇಳೋದು ನಮಗೆ ಸೇರಲ್ಲ, ಆದ್ರೆ ಎರಡು ನಾಲಿಗೆ ಇಲ್ಲ’ ಅನ್ನುವುದು ಅಲ್ಲಿಯ ಮಾತು. ಆ ಒಂದು ಮಾತಿನ ಮೇಲೆ ಅವಳ ರಾಜಕೀಯ ನಿಂತಿತ್ತು, ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು. ಮೇ ತಿಂಗಳಲ್ಲಿ ಊರ ಜನರೇ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ ಬರಲಿತ್ತು. ಎದುರಿಗೆ ನಿಂತವನು ಟ್ರ್ಯಾಕ್ಟರ್ ಮಾರುವ ಪ್ರೆಸ್ಟನ್ ಲೈಲ್. ಅವನು ಅವಳ ಹಳೆಯ ವೋಟುಗಳನ್ನೆಲ್ಲ ಜಾಲಾಡಿಸಿ, ಒಂದು ಹುಳುಕೂ ಸಿಗದೆ ಕೈ ಕೈ ಹಿಸುಕಿಕೊಳ್ಳುತ್ತಿದ್ದ.

ಆ ಮಧ್ಯಾಹ್ನ ಸಭೆಯ ಮುಂದೆ ಆಸ್ಪತ್ರೆಯ ಮಸೂದೆ ಇತ್ತು. ಹೆರಿಗೆ ಕಡಿಮೆಯಾಗುವ ಸಣ್ಣ ಆಸ್ಪತ್ರೆಗಳಿಗೆ ಇನ್ನು ಸರ್ಕಾರದ ಹಣವಿಲ್ಲ, ಅದನ್ನೆಲ್ಲ ನಗರದ ದೊಡ್ಡ ಆಸ್ಪತ್ರೆಗಳಿಗೆ ಕೊಡತಕ್ಕದ್ದು ಎಂದು ಅದರ ಸಾರಾಂಶ. ಅದು ಪಾಸಾದರೆ ಟ್ಯಾಲೋ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಬೀಗ. ಆಮೇಲೆ ನೋವು ಬಂದ ಹೆಂಗಸು ಬೆಟ್ಟ ದಾಟಿ ನಗರಕ್ಕೆ ಹೋಗಬೇಕು, ಹಿಮ ಬಿದ್ದ ದಿನ ಆ ದಾರಿಯೂ ಇಲ್ಲ.

ಅದೇ ವಾರ್ಡಿನ ನರ್ಸು ಜೋಲೀನ್ ಸ್ಟಿಡಮ್ ಒಂದು ಕಾರಿನ ತುಂಬ ಹೆಂಗಸರನ್ನು ಕರೆದುಕೊಂಡು ರಾಜಧಾನಿಗೆ ಬಂದಿದ್ದಳು. ಹೊರಗೆ ಕಾಯುತ್ತಿದ್ದಾಳೆಂದು ಚೀಟಿ ಬಂದಾಗ ಆರ್ಡಿತ್ ಕಾರ್ಯಪಟ್ಟಿಯನ್ನು ನೋಡಿದಳು. ಆಸ್ಪತ್ರೆಗೆ ಮುಂಚೆ ಐದಾರು ಚಿಲ್ಲರೆ ಮಸೂದೆಗಳಿದ್ದವು.

“ಸೇತುವೆಗೆ ಹೆಸರಿಡೋದು, ಜೇನು ಸಾಕೋರ ಲೈಸೆನ್ಸು, ಇಂಥವೇ ಎಲ್ಲ,” ಎಂದಳು ವೆಂಡೆಲ್‌ಗೆ. “ಎಲ್ಲದಕ್ಕೂ ಹಸಿರು ಒತ್ತಿಬಿಡಿ. ಆಸ್ಪತ್ರೇದು ಬರೋ ಹೊತ್ತಿಗೆ ಬಂದಿರ್ತೀನಿ.”

“ಹೋಗಿ ಬಾರಮ್ಮ,” ಎಂದ ಮುದುಕ. “ನಾನೇನು ಇವತ್ತು ಹೊಸದಾಗಿ ಒತ್ತಬೇಕಾ?”

ಮೊಗಸಾಲೆಯಲ್ಲಿ ಜೋಲೀನ್ ಅವಳ ಕೈಗೆ ಸೇಬಿನ ಹೂರಣದ ಕಡುಬೊಂದನ್ನು ತುರುಕಿದಳು. “ಮೊದಲು ತಿನ್ನಿ ಟೀಚರ್. ಇಲ್ಲಿ ನಿಮಗೆ ಬರೀ ಭಾಷಣ ಬಡಿಸ್ತಾರೆ ಅಂತ ಕಾಣುತ್ತೆ, ಒಣಗಿ ಹೋಗಿದೀರ.”

ಗುಂಪಿನಲ್ಲಿ ಲೇಸಿ ಎಂಬ ಬಸುರಿಯಿದ್ದಳು. ದಿನ ತುಂಬುತ್ತ ಬಂದ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಬೆಂಚಿನ ತುದಿಗೆ ಕೂತಿದ್ದಳು. ಮೊದಲ ಮಗುವನ್ನು ಕಳಕೊಂಡವಳು ಅಂತ ಜೋಲೀನ್ ಕಿವಿಯಲ್ಲಿ ಹೇಳಿದಳು. ಆಮೇಲೆ ಬಾಯಿ ಬಿಟ್ಟೇ ಕೇಳಿದಳು, “ನಿಮ್ಮ ವೋಟು ಕೆಂಪೇ ತಾನೇ?”

“ಅನುಮಾನಾನಾ? ಎಲ್ರೂ ಮೇಲೆ ಗ್ಯಾಲರೀಲಿ ಹೋಗಿ ಕೂತ್ಕೊಳ್ಳಿ. ಗೋಡೆ ಮೇಲೆ ಎಲ್ಲರ ಹೆಸರೂ ಇದೆ. ನನ್ನ ಹೆಸರಿನ ಮುಂದೆ ಕೆಂಪು ದೀಪ ಹತ್ತೋದನ್ನ ಕಣ್ಣಾರೆ ನೋಡಿ.”

ಅವರು ಮೆಟ್ಟಿಲು ಹತ್ತಿದರು. ಲೇಸಿ ನಿಧಾನವಾಗಿ ಏರುವುದನ್ನೇ ನೋಡುತ್ತ ಆರ್ಡಿತ್ ಆ ಕಡುಬು ಮುಗಿಸಿದಳು. ಅಷ್ಟೇ ಅವಳು ಮಾಡಿದ ತಪ್ಪು.

ಒಳಗೆ ಸಭಾಧ್ಯಕ್ಷ ರಾಯ್ಸ್ ಕೆಂಡ್ರಿಕ್ ತಲೆ ಎಣಿಸುತ್ತಿದ್ದ. ಗಾಳಿ ಬಂದಾಗ ತೂರಿಕೊಳ್ಳುವ ಆಸಾಮಿ. ವಿರೋಧದ ಕುರ್ಚಿಯೊಂದು ಖಾಲಿ ಕಂಡದ್ದೇ ತಡ, ಸಮಸಮ ಬಂದರೆ ತನ್ನ ವೋಟಿದೆಯೆಂದು, ಸೇತುವೆಯನ್ನೂ ಜೇನನ್ನೂ ಪಕ್ಕಕ್ಕಿಟ್ಟು ಆಸ್ಪತ್ರೆಯ ಮಸೂದೆಯನ್ನು ಬರೀ ನಂಬರಿನಲ್ಲಿ ಕೂಗಿದ. ಚರ್ಚೆ ಹಿಂದಿನ ದಿನವೇ ಮುಗಿದಿತ್ತು. ವೆಂಡೆಲ್‌ನ ಒಂದು ಕಿವಿ ಮಂದ, ಇನ್ನೊಂದು ಆ ಹೊತ್ತಿಗೆ ತೂಕಡಿಸುತ್ತಿತ್ತು. ತನ್ನ ಹಸಿರನ್ನು ಒತ್ತಿದ, ಕೈ ಚಾಚಿ ಅವಳ ಹಸಿರನ್ನೂ ಒತ್ತಿದ.

ವೋಟಿನ ಗಂಟೆ ಕೇಳಿ ಆರ್ಡಿತ್ ಓಡಿಬಂದಳು. ಬಾಗಿಲು ದಾಟುವಷ್ಟರಲ್ಲಿ ಅಧ್ಯಕ್ಷನ ಸುತ್ತಿಗೆ ಬಿತ್ತು. ಪರ ಐವತ್ತು, ವಿರೋಧ ನಲವತ್ತೊಂಬತ್ತು. ಗೋಡೆಯ ಮೇಲೆ ಮೊಬ್ಲೀ ಎಂಬ ಹೆಸರಿನ ಮುಂದೆ ಹಸಿರು ದೀಪ ಉರಿಯುತ್ತಿತ್ತು. ತಲೆಯೆತ್ತಿ ನೋಡಿದರೆ ಗ್ಯಾಲರಿಯ ಕಟಕಟೆ ಹಿಡಿದು ಜೋಲೀನ್ ನಿಂತಿದ್ದಳು. ದೀಪ ನೋಡುತ್ತಿರಲಿಲ್ಲ, ಇವಳನ್ನೇ ನೋಡುತ್ತಿದ್ದಳು.

“ಏನು ಒತ್ತಿದ್ರಿ ವೆಂಡೆಲ್?”

“ಜೇನಿಂದು ಅಲ್ವಾ?” ಎಂದವನು ಗೋಡೆ ನೋಡಿ ಬಿಳಿಚಿಕೊಂಡ. “ಅಯ್ಯೋ ದೇವರೇ. ಜೇನಿಂದೇ ಅಂದ್ಕೊಂಡೆ ಕಣಮ್ಮ.”

ಬೇಕೆಂದೇ ಮಾಡಿದನೇ ಎಂದು ಅವಳು ಆ ಮುಖವನ್ನು ಹುಡುಕಿದಳು. ಅಲ್ಲಿ ಮುದುಕನೊಬ್ಬನ ಭಯ ಬಿಟ್ಟರೆ ಬೇರೇನೂ ಇರಲಿಲ್ಲ. ಅವನ ಮೇಲೆ ಸಿಟ್ಟು ಬಂತು. ಕಡುಬು ತಿನ್ನುತ್ತ ನಿಂತ ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ವೆಂಡೆಲ್ ಮೇಜಿನ ಖಾನೆಯಿಂದ ಕಾಗದ ತೆಗೆದ. “ನನ್ನ ವೋಟು ತಪ್ಪಾಗಿ ಬಿದ್ದಿದೆ, ನನ್ನ ಮನಸ್ಸಲ್ಲಿದ್ದಿದ್ದು ಕೆಂಪು ಅಂತ ಬರಿ. ನಡಾವಳಿಯಲ್ಲಿ ಸೇರಿಸ್ತಾರೆ. ಒತ್ತಿದೋನು ನಾನೇ ಅಂತ ನಾನೂ ಸಹಿ ಹಾಕ್ತೀನಿ. ನನಗೇನಾದ್ರೂ ಆಗ್ಲಿ, ಆ ಪ್ರೆಸ್ಟನ್ ಬಾಯಿ ಮುಚ್ಚುತ್ತೆ.”

“ಎಣಿಕೆ ಬದಲಾಗುತ್ತಾ?”

“ಸುತ್ತಿಗೆ ಬಿದ್ಮೇಲೆ ಎಲ್ಲಿಂದ ಬದಲಾಗುತ್ತೆ? ನಿನ್ನ ಹೆಸರು ಉಳಿಯುತ್ತೆ. ಅಷ್ಟೇ.”

“ವಾರ್ಡು?”

ಅವನು ಕಾಗದವನ್ನು ಅವಳ ಮುಂದೆ ಸರಿಸಿದ.

ಇನ್ನೊಂದು ದಾರಿ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು. ಮುಗಿದ ವೋಟನ್ನು ಮತ್ತೆ ತೆಗೆಯಿರಿ ಎಂದು ಕೇಳಬಹುದು, ಆದರೆ ಅದೇ ದಿನ, ಸಭೆ ಏಳುವ ಮೊದಲು. ಕೇಳುವವರು ಗೆದ್ದ ಕಡೆಗೆ ವೋಟು ಹಾಕಿದವರೇ ಆಗಿರಬೇಕು. ಸೋತವರ ಅಳುವಿಗೆ ಆ ಸಭೆಯಲ್ಲಿ ಬೆಲೆಯಿಲ್ಲ.

“ನೀವು ಏಳಿ ವೆಂಡೆಲ್. ನೀವು ಗೆದ್ದ ಕಡೆಯವರು.”

“ಯಾವ ಮಸೂದೆ ಅಂತ ಗೊತ್ತಿದ್ರೂ ನನ್ನ ವೋಟು ಹಸಿರೇ. ಆ ದುಡ್ಡು ನಮ್ಮ ಕಡೆ ಆಸ್ಪತ್ರೆಗೆ ಬೇಕು, ಅಲ್ಲೂ ಜನ ನೆಲದ ಮೇಲೆ ಮಲಗಿದಾರೆ. ನನ್ನ ತಪ್ಪಿಗೆ ಏನು ಬೇಕಾದ್ರೂ ಕೇಳು. ಅದೊಂದು ಕೇಳಬೇಡ.”

ಅವನು ಹೇಳಿದ್ದು ನ್ಯಾಯವೇ. ಅದಕ್ಕೇ ಅವಳಿಗೆ ಇನ್ನೂ ಸಂಕಟವಾಯಿತು. ಹಾಗಾದರೆ ಉಳಿದವಳು ತಾನೊಬ್ಬಳೇ. ಆ ಹಸಿರು ನನ್ನದಲ್ಲ ಎಂದರೆ ಹೆಸರು ಉಳಿಯುತ್ತದೆ, ವಾರ್ಡು ಹೋಗುತ್ತದೆ. ನನ್ನದೇ ಎಂದರೆ ವಾರ್ಡು ಉಳಿಯಬಹುದು, ಆದರೆ ಆಮೇಲೆ ಎಂದೂ ಅದನ್ನು ನನ್ನದಲ್ಲ ಎನ್ನುವ ಹಾಗಿಲ್ಲ. ಬಿಸಿತುಪ್ಪ ಬಾಯಲ್ಲಿತ್ತು. ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು. ವೆಂಡೆಲ್‌ನ ಕಾಗದದ ಮೇಲೆ ಪೆನ್ನಿಟ್ಟು ‘ನನ್ನ ವೋಟು’ ಎಂದು ಬರೆದಳು. ಮುಂದಕ್ಕೆ ಕೈ ಓಡಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷ ತನ್ನ ಪಕ್ಷದ ನಾಯಕನ ಕಡೆ ಕಣ್ಣು ಹಾಯಿಸಿದ. ನಾಯಕ ಎದ್ದು, ಸಭೆಯನ್ನು ನಾಳೆಗೆ ಮುಂದೂಡಬೇಕೆಂದು ಶುರು ಮಾಡಿದ. ಆರ್ಡಿತ್ ಕಾಗದವನ್ನು ಮುದುರಿ ಎದ್ದು ನಿಂತಳು.

“ಅಧ್ಯಕ್ಷರೇ.”

ಕೆಂಡ್ರಿಕ್‌ಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ಅವಳು ತರಗತಿಯ ಹಿಂದಿನ ಬೆಂಚಿಗೆ ಮುಟ್ಟಿಸುತ್ತಿದ್ದ ಆ ದನಿಯನ್ನು ತೆಗೆದಳು. “ಅಧ್ಯಕ್ಷರೇ, ಆಸ್ಪತ್ರೆ ಮಸೂದೆಯ ವೋಟನ್ನು ಮತ್ತೆ ವಿಚಾರಕ್ಕೆ ತಗೋಬೇಕು ಅಂತ ಕೇಳ್ತಿದೀನಿ.”

ಕೆಂಡ್ರಿಕ್ ಅವಳು ಬಾಗಿಲಿನಿಂದ ಓಡಿಬಂದದ್ದನ್ನು ನೋಡಿದ್ದ. ಅವನ ಮೀಸೆಯ ಕೆಳಗೆ ನಗು ಮೂಡಿತು. “ಟ್ಯಾಲೋ ಸದಸ್ಯರು ಗೆದ್ದ ಕಡೆಗೆ ವೋಟು ಹಾಕಿದ್ರೇನು?”

“ಹಾಕಿದ್ದೆ.”

“ಸ್ಪಷ್ಟವಾಗಿರಲಿ ಅಂತ ಕೇಳ್ತೀನಿ. ಗುಂಡಿ ಒತ್ತಿದೋರು ತಾವೇನಾ?”

ಇಲ್ಲ ಎಂದರೆ ಪ್ರಸ್ತಾಪ ಅಲ್ಲೇ ಸತ್ತಂತೆ. ಹೌದು ಎಂದರೆ ಸುಳ್ಳು. ಸಭೆಯೊಳಗೆ ಅವಳು ಈವರೆಗೆ ಸುಳ್ಳು ಹೇಳಿದವಳಲ್ಲ.

“ನಾನೇ ಒತ್ತಿದ್ದು,” ಎಂದಳು. “ಆ ಹಸಿರು ನನ್ನದು.”

ಮೇಲೆ ಗ್ಯಾಲರಿಯಲ್ಲಿ ಯಾರೋ ‘ಥೂ’ ಎಂದರು. ಅಷ್ಟು ಮೆಲ್ಲಗೆ ಅಂದದ್ದು ಸಭೆಗೆಲ್ಲ ಕೇಳಿಸಿತು. ಕೆಂಡ್ರಿಕ್ ಬಾಗಿಲು ಕಾಯುವವನನ್ನು ಕರೆದು ವಿಚಾರಿಸಬಹುದಿತ್ತು. ಆದರೆ ಯಾರ ಗುಂಡಿಯನ್ನು ಯಾರು ಒತ್ತಿದರು ಎಂದು ಆ ಸಭೆಯಲ್ಲಿ ಕೆದಕಲು ಹೊರಟರೆ ರಾಜ್ಯದ ಅರ್ಧ ಕಾನೂನು ಉದುರಿ ಬೀಳುತ್ತಿತ್ತು. ತನ್ನ ಕುರ್ಚಿಗೆ ಬರುವ ಮುಂಚೆ ಅವನೂ ಕಾಫಿ ಕುಡಿದವನೇ. ಹಲ್ಲು ಕಚ್ಚಿಕೊಂಡು ವೋಟಿಗೆ ಹಾಕಿದ.

ಮತ್ತೆ ತೆಗೆಯಲು ಐವತ್ತು, ಬೇಡವೆನ್ನಲು ನಲವತ್ತೊಂಬತ್ತು. ಆಮೇಲೆ ಮಸೂದೆ. ಆರ್ಡಿತ್ ಕೆಂಪು ಗುಂಡಿಯನ್ನು ಒತ್ತಿದಳು, ಸುತ್ತಿಗೆ ಬೀಳುವ ತನಕ ಬೆರಳು ಎತ್ತಲಿಲ್ಲ. ಪಕ್ಕದಲ್ಲಿ ವೆಂಡೆಲ್ ತನ್ನ ಹಸಿರನ್ನು ಒತ್ತಿ ಇನ್ನೊಂದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಒಂದು ವೋಟಿನಿಂದ ಮಸೂದೆ ಬಿತ್ತು.

ಹೊರಗೆ ಹೆಂಗಸರು ಕೋಟು ಹಾಕಿಕೊಳ್ಳುತ್ತಿದ್ದರು. ಯಾರ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ಲೇಸಿ ಮಾತ್ರ ಹತ್ತಿರ ಬಂದು ಕೇಳಿದಳು, “ಹಾಗಾದ್ರೆ ನಂದು ಈಗ ನಮ್ಮೂರಲ್ಲೇ ಆಗುತ್ತಾ?”

“ನಿಮ್ಮೂರಲ್ಲೇ ಕಣಮ್ಮ.”

ಜೋಲೀನ್ ನಡುವೆ ಬಂದು ನಿಂತಳು. “ಒಂದು ಮಾತು ಕೇಳ್ಲಾ ಮೇಡಂ? ನಾವು ಮೇಲೆ ಕೂತು ನೋಡದೇ ಇದ್ದಿದ್ರೆ, ಆ ಹಸಿರು ಹಾಗೇ ಇರ್ತಿತ್ತು. ಅಲ್ವಾ?”

ಟೀಚರ್ ಹೋಗಿ ಮೇಡಂ ಆಗಿತ್ತು. ಆರ್ಡಿತ್‌ಗೆ ಕೆನ್ನೆಗೆ ಹೊಡೆದಂತಾಯಿತು. ನಿಜ ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ಇವತ್ತು ಈ ಹೆಂಗಸಿಗೆ ಹೇಳಿದರೆ ಅವಳು ಪ್ರೀತಿಯಿಂದಲೇ ಊರಿಗೆಲ್ಲ ಹೇಳುತ್ತಾಳೆ. ಊರಿಗೆ ಗೊತ್ತಾದದ್ದು ಕೆಂಡ್ರಿಕ್‌ಗೆ ಗೊತ್ತಾಗುತ್ತದೆ. ಪ್ರಸ್ತಾಪ ತಂದವಳಿಗೆ ಹಕ್ಕೇ ಇರಲಿಲ್ಲ ಎಂದಾದರೆ ಸತ್ತ ಮಸೂದೆ ಎದ್ದು ಕೂರುತ್ತದೆ. ಅಧಿವೇಶನ ಇನ್ನೂ ಮುಗಿದಿರಲಿಲ್ಲ.

“ಹೌದು ಜೋಲೀನ್,” ಎಂದಳು. “ನೀವೆಲ್ಲ ಬಂದಿದ್ದೇ ಒಳ್ಳೇದಾಯ್ತು.”

“ಹಾಗೇ ಅಂದ್ಕೊಂಡೆ.” ಜೋಲೀನ್‌ಳ ಕಣ್ಣಲ್ಲಿ ನೀರಿತ್ತು, ಸಿಟ್ಟಿನ ನೀರು. “ನಮ್ಮಪ್ಪ ನಿಮ್ಮ ಎಲೆಕ್ಷನ್ ಬೋರ್ಡು ನೆಟ್ಟು ನೆಟ್ಟು ಮೊಣಕಾಲು ಸವೆಸಿದ. ನಿಮ್ಮ ಬೆನ್ನ ಹಿಂದೆ ಹೇಳೋಳಲ್ಲ ನಾನು, ಮುಖಕ್ಕೇ ಹೇಳ್ತೀನಿ. ಈ ಸಲ ನಮ್ಮನೇ ವೋಟು ಪ್ರೆಸ್ಟನ್‌ಗೆ.”

“ಸರಿ,” ಎಂದಳು ಆರ್ಡಿತ್. “ಲೇಸೀನ ಹಿಂದಿನ ಸೀಟಲ್ಲಿ ಕೂರಿಸು, ಕಾಲು ಚಾಚ್ಕೊಳ್ಳಲಿ. ಕತ್ತಲಾಗೋ ಮುಂಚೆ ಬೆಟ್ಟ ದಾಟಿಬಿಡಿ.”

ಅವರು ಹೋದರು. ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದ ವೆಂಡೆಲ್ ಏನೋ ಹೇಳಬೇಕೆಂದು ಬಂದ. ಅವಳು ಕೈ ಅಡ್ಡ ಹಿಡಿದಳು, ಅವನು ಸುಮ್ಮನೆ ಪಕ್ಕದಲ್ಲಿ ನಿಂತ.

ಪ್ರೆಸ್ಟನ್ ಲೈಲ್ ಆ ಹಸಿರು ದೀಪದ ಪಟ ಹಾಕಿದ ಕಾರ್ಡನ್ನು ಟ್ಯಾಲೋದ ಮನೆಮನೆಗೂ ಅಂಚೆಯಲ್ಲಿ ಕಳಿಸಿದ. ಆರ್ಡಿತ್ ಒಂದಕ್ಕೂ ಉತ್ತರ ಕೊಡಲಿಲ್ಲ, ಮೇ ತಿಂಗಳಲ್ಲಿ ಸೋತಳು. ಲೇಸಿಯ ಮಗಳು ಅದಕ್ಕೆ ಮೊದಲೇ ಟ್ಯಾಲೋ ಆಸ್ಪತ್ರೆಯಲ್ಲಿ ಹುಟ್ಟಿದ್ದಳು, ಜೋಲೀನ್‌ಳ ಕೈಗೇ ಬಂದಳು. ಚುನಾವಣೆಯ ದಿನ ಲೇಸಿ ಮಗುವನ್ನು ಎದೆಗವಚಿಕೊಂಡು ಬಂದು ಪ್ರೆಸ್ಟನ್‌ಗೆ ವೋಟು ಹಾಕಿ ಹೋದಳು.