ದ್ಯಾವಮ್ಮನಿಗೊಂದು ಎಡೆ

ಅನಸೂಯಮ್ಮನಿಗೆ ಸಿಟ್ಟು ಬಂದರೆ ಮೊದಲು ಮಾತು ನಿಂತುಹೋಗುತ್ತಿತ್ತು. ಹೊಳೆನರಸೀಪುರದ ಗಂಡನ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಆಕೆ ವಟಗುಟ್ಟುವಷ್ಟು ಹೊತ್ತು ಭಯವಿಲ್ಲ, ಸುಮ್ಮನಾದಳೋ ಮೆಲ್ಲಗೆ ಜಾಗ ಖಾಲಿ ಮಾಡಬೇಕು. ಆವತ್ತು ಸಾಯಂಕಾಲ ಮಲ್ಲಿಪಟ್ಟಣದ ತವರಿನ ನಡುಮನೆಗೆ ಕಾಲಿಟ್ಟವಳು ಹಾಗೆಯೇ ಸುಮ್ಮನಾದಳು.

ಹಿರಿಯರ ಹಬ್ಬ. ಗೋಡೆಯುದ್ದಕ್ಕೂ ಬಾಳೆಲೆ ಹಾಕಿದ್ದರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಅವರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂರುವುದು ಆ ಮನೆಯ ಪದ್ಧತಿ. ಅಪ್ಪ ರಾಮಣ್ಣನಿಗೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ. ತಾತ ಜವರೇಗೌಡನಿಗೆ ಹೊಸ ಪಂಚೆ. ಇವರಿಬ್ಬರಿಗಿಂತ ಮೇಲೆ, ದೀಪದ ಪಕ್ಕದಲ್ಲೇ ಇನ್ನೊಂದು ಎಲೆ. ಅದರ ಹಿಂದೆ ಗಡ್ಡದ ಬಿಳಿಯನೊಬ್ಬನ ಫೋಟೋ, ಮುಂದೆ ಫಾರಿನ್ ವಿಸ್ಕಿ ಬಾಟಲಿ.

"ನಮ್ಮ ಮುತ್ತಾತ ಕಣಕ್ಕ! ಮೈಕೆಲ್ ಅಂತ. ಐರ್ಲೆಂಡ್‌ನೋರು," ಅಂದ ತಮ್ಮ ದೇವರಾಜ್. ಅವನ ಮುಖ ಊರಗಲವಾಗಿತ್ತು.

ಇದಕ್ಕೆಲ್ಲ ಕಾರಣ ದೇವರಾಜನ ಮಗಳು ಮೇಘಶ್ರೀ. ಹಾಸನದ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ತಮಾಷೆಗೆಂದು ಡಿಎನ್‌ಎ ಪರೀಕ್ಷೆಗೆ ಎಂಜಲು ಕಳಿಸಿ ವಂಶ ಪತ್ತೆ ಮಾಡಿಸಿದ್ದಳು. ಅದರಿಂದಾಗಿ ಐರ್ಲೆಂಡಿನ ಮೌರೀನ್ ಎಂಬ ಹೆಂಗಸು ನೆಂಟಳೆಂದು ಗೊತ್ತಾಗಿ, ಈಗ ವಿಮಾನ ಹತ್ತಿ ಬಂದೇಬಿಟ್ಟಿದ್ದಳು. ಮೈಕೆಲ್ ಆಕೆಯ ಮುತ್ತಜ್ಜಿಯ ತಮ್ಮ. ಕೊರವಂಗಲದ ದೇವಸ್ಥಾನ ತೋರಿಸಿದರೆ ಪಾಪ, ಮರ್ಯಾದೆಗೊಂದು ಸುತ್ತು ಹಾಕಿ, ಮೈಕೆಲ್ ಇದ್ದ ಕಾಫಿ ತೋಟ ಎಲ್ಲಿ ಅಂತ ಕೇಳಿದಳಂತೆ.

ಮೌರೀನ್ ಚಾಪೆಯ ಮೇಲೆ ಉದ್ದದ ಹಾಳೆ ಬಿಡಿಸಿ ವಂಶವೃಕ್ಷ ತೋರಿಸಿದಳು. ಅವರ ಕಡೆ ಹಿಂದೆ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದು, ಬೆಳೆ ಕೊಳೆತು, ಜನ ಹಸಿವಿನಿಂದ ಹುಳುಗಳಂತೆ ಸತ್ತರಂತೆ, ಉಳಿದವರು ಹಡಗು ಹತ್ತಿದರಂತೆ. ಆಲೂಗಡ್ಡೆ ಬೆಳೆಯುವ ಹಾಸನ ಸೀಮೆಯವರಿಗೆ ಅಂಗಮಾರಿ ಅಂದರೇನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಡಗಿನಲ್ಲೇ ತೀರಿಕೊಂಡು ಸಮುದ್ರಕ್ಕೆ ಬಿದ್ದ ಒಂದು ಹಸುಗೂಸಿನ ಹೆಸರಿಗಾಗಿ ವರ್ಷಗಟ್ಟಲೆ ಅಲೆದು ಕೊನೆಗೂ ಹುಡುಕಿದೆ ಅಂತ ಹೇಳುತ್ತ ಆಕೆ ಹಾಳೆಯಲ್ಲಿದ್ದ ಆ ಹೆಸರನ್ನು ಬೆರಳಿನಿಂದ ಸವರಿದಳು. ಅನಸೂಯಮ್ಮನಿಗೂ ಅಯ್ಯೋ ಅನ್ನಿಸಿತು. ಆಮೇಲೆ ಕಣ್ಣು ಮೈಕೆಲ್‌ನ ಪಕ್ಕದ ಖಾನೆಗೆ ಹೋಯಿತು.

"ಇಲ್ಲೇನು ಬರೆದವ್ರವ್ವ, ಮೇಘ?"

ಮೇಘಶ್ರೀ ತಡವರಿಸಿದಳು. "ಹೆಸರು ಗೊತ್ತಿಲ್ಲದ ಕೂಲಿ ಹೆಂಗಸು ಅಂತ, ಅತ್ತೆ."

"ಗೊತ್ತಿಲ್ಲ ಅಂದೋರು ಯಾರು?"

"ಅಪ್ಪ."

ಅನಸೂಯಮ್ಮನ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲವಂತೆ! ಆ ಹೆಸರನ್ನು ಅಪ್ಪ ರಾಮಣ್ಣ ಸಾಯುವಾಗ ಅಕ್ಕತಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದ. ದ್ಯಾವಮ್ಮ. ಕಾಫಿ ತೋಟದ ಕೂಲಿ. ಮೈಕೆಲ್ ಆಕೆಯ ಮಡಿಲಿಗೊಂದು ಮಗು ಕೊಟ್ಟು ಆಸ್ಟ್ರೇಲಿಯಾಕ್ಕೆ ಹೋದವನು ತಿರುಗಿ ನೋಡಲಿಲ್ಲ. ತೋಟಕ್ಕೆ ಗಾಡಿ ಹೊಡೆಸುತ್ತಿದ್ದ ಮಲ್ಲಿಪಟ್ಟಣದ ಗೌಡ, ಮಕ್ಕಳಿಲ್ಲದವನು, ಆ ಕೆಂಚುಕೂದಲಿನ ಹುಡುಗನನ್ನು ತಂದು ಜವರೇಗೌಡನೆಂದು ಹೆಸರಿಟ್ಟು ಸ್ವಂತ ಮಗನಂತೆ ಸಾಕಿದ. ದ್ಯಾವಮ್ಮ ಮಗನ ಹಿಂದೆಯೇ ಬಂದು ಅದೇ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚಿದಳು. ಹೆತ್ತ ಮಗನನ್ನು ಸಾಯುವ ತನಕ, ಆಳು ಒಡೆಯನನ್ನು ಕರೆಯುವ ಹಾಗೆ, ಬುದ್ಧಿ ಅಂತಲೇ ಕರೆದಳು. ಇದು ಅನ್ಯಾಯವಲ್ಲದಿದ್ದರೆ ಲೋಕದಲ್ಲಿ ಇನ್ನು ಯಾವುದು ಅನ್ಯಾಯ? ಅಪ್ಪ ಪ್ರತಿ ಹಬ್ಬಕ್ಕೂ ಕದ್ದುಮುಚ್ಚಿ ಕೊಟ್ಟಿಗೆ ಮೂಲೆಯಲ್ಲಿ ಆಕೆಗೊಂದು ತುತ್ತು ಇಡುತ್ತಿದ್ದ. ಅಪ್ಪ ಹೋದ ಮೇಲೆ ದೇವರಾಜ್ ಅದನ್ನೂ ನಿಲ್ಲಿಸಿದ್ದ.

"ಲೇ ದೇವರಾಜ, ದ್ಯಾವಮ್ಮನ ಎಲೆ ಎಲ್ಲಿ?"

"ಅಕ್ಕ, ಮೆಲ್ಲಗೆ."

"ಯಾಕ್ಲಾ ಮೆಲ್ಲಗೆ? ಬಸುರು ಮಾಡಿ ಓಡೋದೋನಿಗೆ ದೀಪದ ಪಕ್ಕ ಎಲೆ, ಮೇಲೆ ಬಾಟ್ಲಿ ಬೇರೆ! ಹೆತ್ತು ಸಗಣಿ ಬಾಚಿದೋಳಿಗೆ ಒಂದು ತುತ್ತಿಲ್ವಾ?"

ದೇವರಾಜ್ ಹಲ್ಲು ಕಚ್ಚಿದ. "ಅವಳು ಯಾವ ಕೇರಿಯೋಳು ಅಂತ ನಿಂಗೊತ್ತಿಲ್ವಾ? ನಡುಮನೇಲಿ ಅವಳಿಗೆ ಎಡೆ ಇಟ್ರೆ ನಾಳೆ ಊರಲ್ಲಿ ತಲೆ ಎತ್ಕೊಂಡು ಓಡಾಡಂಗೈತಾ?"

"ಬಿಳಿಯನ ಜಾತಿ ಯಾವ್ದು ಅಂತ ಕೇಳ್ದೇನ್ಲಾ?"

ಅನಸೂಯಮ್ಮ ಅಡುಗೆಮನೆಗೆ ಹೋಗಿ ತಾನೇ ಎಲೆ ತಂದಳು. ಮುದ್ದೆ ಇಟ್ಟು ಸಾರು ಬಿಟ್ಟು ಮೈಕೆಲ್‌ನ ಪಕ್ಕದಲ್ಲೇ ಹಾಕಿದಳು. ದೇವರಾಜ್ ಎಲೆಯನ್ನು ಎಳೆಯಲು ಬಗ್ಗಿದ. ಮೌರೀನ್ ಗಾಬರಿಯಾಗಿ ಏನಾಯಿತೆಂದು ಮೇಘಶ್ರೀಯನ್ನು ಕೇಳಿದಳು.

"ಏನೂ ಹೇಳ್ಬೇಡ ನೀನು," ಅಂದ ದೇವರಾಜ್.

ಮೇಘಶ್ರೀ ಎಲ್ಲವನ್ನೂ ಹೇಳಿದಳು. ಕೊಟ್ಟಿಗೆ, ಬುದ್ಧಿ, ಕೇರಿ, ಯಾವುದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಮೌರೀನಳ ಮುಖ ಕೆಂಪಾಯಿತು. ಆಕೆ ಎದ್ದು ಮೈಕೆಲ್‌ನ ಎಲೆಯ ಮುಂದಿನಿಂದ ಬಾಟಲಿಯನ್ನು ತೆಗೆದಳು.

ಅಷ್ಟೇ ಸಾಕಾಯಿತು ದೇವರಾಜನಿಗೆ. ತಟ್ಟನೆ ನಗು ತಂದುಕೊಂಡು, "ಇರ್ಲಿ ಬಿಡಕ್ಕ, ಎಲೆ ಇರ್ಲಿ. ಅವರು ನೋಡ್ತಾವ್ರೆ. ಹೊರಗಿನೋರಿಗೆ ಗೊತ್ತಾಗದಂಗೆ ಬಾಗಿಲು ಹಾಕ್ಕೊಳನ," ಅಂದ.

ಅಲ್ಲಿಯತನಕ ಅನಸೂಯಮ್ಮನಿಗೆ ಬಂದಿದ್ದು ಸಿಟ್ಟೇ ಅಲ್ಲ. ನಿಜವಾದ ಸಿಟ್ಟು ಈಗ ಬಂತು. ಮನೆಮಗಳು ಕೇಳಿದರೆ ಇಲ್ಲ. ಬಿಳಿಯ ಹೆಂಗಸು ಮುಖ ಕೆಂಪು ಮಾಡಿಕೊಂಡರೆ ಉಂಟು. ಅದೂ ಬಾಗಿಲು ಹಾಕಿಕೊಂಡು, ಕಳ್ಳರ ಹಾಗೆ!

"ಈಯಮ್ಮ ನೋಡ್ತಾವ್ಳೆ ಅಂತ ಇಕ್ಕಾ ಎಡೆ ನಮ್ಮವ್ವನಿಗೆ ಬೇಡ," ಅಂದವಳೇ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಸಾರು ಸೀರೆಯ ಮೇಲೆ ಸುರಿಯಿತು. ಹಜಾರ ದಾಟಿ, ಹೊಸಿಲು ದಾಟಿ, ಬೀದಿಗೆ ಕಾಣುವ ಹಾಗೆ ಜಗಲಿಯ ನಟ್ಟನಡುವೆ ಎಲೆ ಇಟ್ಟಳು. ಎದುರುಮನೆಯ ಬೈರಯ್ಯ ಹಸು ಕಟ್ಟುತ್ತಿದ್ದವನು ಹಗ್ಗ ಹಿಡಿದುಕೊಂಡೇ ನಿಂತ. ಹಾಲಿನ ಡೈರಿಗೆ ಹೊರಟಿದ್ದ ಹೆಂಗಸರೂ ನಿಂತರು. ಈ ಮಾತು ಅರಕಲಗೂಡು ದಾಟಿ ತನ್ನ ಗಂಡನ ಮನೆಗೂ ನಾಳೆ ಬೆಳಗಾಗುವುದರೊಳಗೆ ಮುಟ್ಟುತ್ತದೆ ಅಂತ ಆಕೆಗೆ ಗೊತ್ತಿತ್ತು. ಮುಟ್ಟಲಿ.

"ದ್ಯಾವಮ್ಮಾ! ನಮ್ಮ ಜವರೇಗೌಡನ್ನ ಹೆತ್ತವ್ವಾ! ಬಾರವ್ವ, ಉಣ್ಣು ಬಾ!"

ಮೇಘಶ್ರೀ ಬಂದು ಎಲೆಯ ಮುಂದೆ ಅಡ್ಡಬಿದ್ದಳು. ಅವರ ಬೆನ್ನ ಹಿಂದೆ ದೇವರಾಜ್ ಬೀದಿಬಾಗಿಲನ್ನು ದಡಾರನೆ ಹಾಕಿ ಅಗಳಿ ಜಡಿದ.

ಅನಸೂಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀದಿಯ ಕೊನೆಮನೆಗೂ ಕೇಳುವ ಹಾಗೆ ಇನ್ನೊಮ್ಮೆ ಕರೆದಳು.